ಎಲೆ ಬಿಟ್ಟು ಎಳೆ ಕ್ಯಾರೆಟ್ ಹಿಡಿದ ಎರಡು ತಿಂಗಳು

ನನ್ನ ಕೆನ್ನೆಯ ಒಳಗೆ ಬಿಳಿ ಮಚ್ಚೆ ಇದೆ ಎಂದು ಕಂಡುಹಿಡಿದವಳು ನನ್ನದೇ ಹಳೆಯ ವಿದ್ಯಾರ್ಥಿನಿ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅವಳ ಹಲ್ಲಿನ ಕ್ಲಿನಿಕ್ಕು. ನಾನು ಇಪ್ಪತ್ತಾರು ವರ್ಷಗಳಿಂದ ಗಣಿತ ಹೇಳಿಕೊಡುತ್ತಿರುವ ಹೈಸ್ಕೂಲು ಅಲ್ಲಿಂದ ನಾಲ್ಕು ಹೆಜ್ಜೆ. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದು ಹೇಳಿಕೊಂಡು ಹೋಗಿದ್ದೆ. ಅವಳು ಬಾಯಿಗೆ ಲೈಟು ಬಿಟ್ಟು, ಸಣ್ಣ ಕನ್ನಡಿಯಿಂದ ಕೆನ್ನೆಯನ್ನು ಆಚೆ ಸರಿಸಿ ನೋಡಿ, ಮಾತು ನಿಲ್ಲಿಸಿದಳು. ಬೋರ್ಡಿನ ಮೇಲೆ ಲೆಕ್ಕ ತಪ್ಪಿದ್ದು ಗೊತ್ತಾದಾಗಲೂ ಈ ಹುಡುಗಿ ಹೀಗೇ ಸುಮ್ಮನಾಗುತ್ತಿದ್ದಳು. ಈ ಸಲ ಲೆಕ್ಕ ತಪ್ಪಿದ್ದು ನನ್ನದು.

"ಟೀಚರ್, ಕಡ್ಡಿಪುಡಿ ಹಾಕ್ತೀರಾ?" ಎಂದು ಮೆಲ್ಲಗೆ ಕೇಳಿದಳು.

ಪ್ರತಿ ವರ್ಷ ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈ ಮುಂದೆ ಚಾಚಿಸಿ, ತಂಬಾಕು ಮುಟ್ಟುವುದಿಲ್ಲ ಎಂದು ಪ್ರತಿಜ್ಞೆ ಹೇಳಿಸುವವಳು ನಾನೇ. ಈ ಹುಡುಗಿಯೂ ಮೂರು ವರ್ಷ ನನ್ನ ಮುಂದೆ ನಿಂತು ಹೇಳಿದ್ದಾಳೆ. ಆ ಹೊತ್ತಿಗೆಲ್ಲ ನನ್ನ ಬ್ಯಾಗಿನ ಒಳಜೇಬಿನಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಕಡ್ಡಿಪುಡಿಯ ಪೊಟ್ಟಣ ಬೆಚ್ಚಗೆ ಕೂತಿರುತ್ತಿದ್ದವು. ಕಡ್ಡಿಪುಡಿ ಎಂದರೆ ಹೊಗೆಸೊಪ್ಪಿನ ಕಡ್ಡಿಯ ಪುಡಿಯೇ. ಆದರೆ ನಮ್ಮ ಮನೆಗಳಲ್ಲಿ ಅದನ್ನು ಯಾರೂ ತಂಬಾಕು ಎಂದು ಕರೆಯುವುದಿಲ್ಲ. ಊಟ ಆದ ಮೇಲೆ ಒಂದು ಕವಳ ಹಾಕುತ್ತೇವೆ, ಅಷ್ಟೇ. ತಂಬಾಕು ತಿನ್ನುವವರು ಬೇರೆ ಜನ, ಬಸ್‌ಸ್ಟ್ಯಾಂಡಿನ ಗೋಡೆ ಕೆಂಪು ಮಾಡುವವರು ಎಂದು ನಾನು ಮನಸಾರೆ ನಂಬಿದ್ದೆ. ಹೆಸರು ಬೇರೆ ಇಟ್ಟುಕೊಂಡರೆ ವಸ್ತುವೂ ಬೇರೆಯಾಗುತ್ತದೆ ಎಂದು ಗಣಿತದ ಟೀಚರ್ ಅಂದುಕೊಂಡಿದ್ದಳು ನೋಡಿ.

"ಈಗಲೇ ಗಾಬರಿ ಆಗೋದು ಬೇಡ ಟೀಚರ್. ಅಡಿಕೆ, ಕಡ್ಡಿಪುಡಿ ಎರಡೂ ಇವತ್ತಿಂದ ನಿಲ್ಸಿ. ಎರಡು ತಿಂಗಳು ಬಿಟ್ಟು ನೋಡ್ತೀನಿ. ಮಚ್ಚೆ ಹಾಗೇ ಇದ್ರೆ ಒಂದು ಚೂರು ತೆಗೆದು ಟೆಸ್ಟಿಗೆ ಕಳಿಸ್ಬೇಕಾಗುತ್ತೆ" ಎಂದಳು.

ಯಾವ ಟೆಸ್ಟು ಎಂದು ನಾನು ಕೇಳಲಿಲ್ಲ. ಕೇಳದೇ ಗೊತ್ತಾಗಿತ್ತು. ಬಾಯಿ ಸುಮ್ಮನಿರಲಾರದು ಎಂದರೆ ಕ್ಯಾರೆಟ್, ಸೌತೆಕಾಯಿ ಏನಾದರೂ ಅಗಿಯುತ್ತಿರಿ ಎಂದು ಅವಳು ಬಾಗಿಲ ತನಕ ಬಂದು ಹೇಳಿದಳು.

ಮೂವತ್ತೇಳು ವರ್ಷದ ಅಭ್ಯಾಸವನ್ನು ಒಂದೇ ದಿನ ಬಿಟ್ಟವರಿಗೆ ಮಾತ್ರ ಗೊತ್ತು, ಊಟವಾದ ಮೇಲಿನ ಹತ್ತು ನಿಮಿಷ ಎಷ್ಟು ಉದ್ದ ಎಂದು. ಮೊದಲು ಸೋಂಪು ಹಾಕಿ ನೋಡಿದೆ. ಸೋಂಪಿನ ಹಿಂದೆಯೇ ಎಲೆಯ ಆಸೆ ಇನ್ನೂ ಜೋರಾಗಿ ಬಂತು. ಲವಂಗ ಇಟ್ಟುಕೊಂಡರೆ ನಾಲಿಗೆ ಉರಿಯಿತು. ಮನೆಯವರ ಮೇಲೆ ರೇಗಿದೆ, ಬೀಜಗಣಿತ ತಪ್ಪು ಮಾಡಿದ ಮಕ್ಕಳ ಮೇಲೆ ರೇಗಿದೆ, ಸ್ಟಾಫ್‌ರೂಮಿನ ಫ್ಯಾನಿನ ಮೇಲೂ ರೇಗಿದೆ. ಹೀಗಿರುವಾಗ ನಮ್ಮ ಮನೆಯ ಹತ್ತಿರ ಹೊಸದಾಗಿ ಆಗಿರುವ ಸೂಪರ್‌ಮಾರ್ಕೆಟ್ಟಿನ ತಣ್ಣನೆಯ ಕಪಾಟಿನಲ್ಲಿ ಬೇಬಿ ಕ್ಯಾರೆಟ್ಟಿನ ಪ್ಯಾಕೆಟ್ಟು ಕಣ್ಣಿಗೆ ಬಿತ್ತು. ಬೆರಳಿಗಿಂತ ಚಿಕ್ಕದು, ನುಣ್ಣಗಿದೆ, ಸಿಪ್ಪೆ ಹೆರೆಯುವ ಕೆಲಸವಿಲ್ಲ. ಮನೆಗೆ ತಂದು ತೊಳೆದು ಒಂದನ್ನು ಬಾಯಿಗೆ ಹಾಕಿದೆ. ಸರಿಯಾಗಿ ಒಂದು ಕವಳದಷ್ಟೇ ಗಾತ್ರ. ಕವಳ ಕೂರುತ್ತಿದ್ದ ಜಾಗದಲ್ಲೇ ಹೋಗಿ ಕೂತಿತು. ಅವತ್ತು ಮಧ್ಯಾಹ್ನ ನಾನು ಯಾರ ಮೇಲೂ ರೇಗಲಿಲ್ಲ.

"ಎಷ್ಟು ಎಳೇದು ನೋಡ್ರಿ. ಬಾಲ್ಯದಲ್ಲೇ ಕಿತ್ತಿದ್ದಾರೆ ಪಾಪ" ಎಂದು ಮನೆಯವರಿಗೆ ಒಂದು ಕೊಟ್ಟೆ.

ಅವರು ಅದನ್ನು ತಿನ್ನದೆ ತಿರುಗಿಸಿ ತಿರುಗಿಸಿ ನೋಡಿದರು. "ಎಳೇದಾದ್ರೆ ಬಾಲ ಎಲ್ಲಿ? ಸೊಪ್ಪು ಕಿತ್ತ ಗುರುತು ಎಲ್ಲಿ?" ಎಂದರು. ಆಮೇಲೆ ಫೋನು ತೆಗೆದು ಓದಿ ಹೇಳಿದರು. ಇಂಥ ಪ್ಯಾಕೆಟ್ಟಿನಲ್ಲಿರುವುದು ಬಹಳಷ್ಟು ಸಲ ಎಳೆಯ ಕ್ಯಾರೆಟ್ಟೇ ಅಲ್ಲವಂತೆ. ತೆಳ್ಳಗೆ ಉದ್ದವಾಗಿ ಬೆಳೆದ ಕ್ಯಾರೆಟ್ಟನ್ನು ತುಂಡು ಮಾಡಿ, ಮಿಷನ್ನಿನಲ್ಲಿ ಸಿಪ್ಪೆ ಉಜ್ಜಿ, ಎರಡೂ ತುದಿ ದುಂಡಗೆ ಮಾಡುತ್ತಾರಂತೆ. ನಾನು ಪ್ಯಾಕೆಟ್ಟನ್ನು ಪೂರಾ ತಟ್ಟೆಗೆ ಸುರಿದು ಸಾಲಾಗಿ ಜೋಡಿಸಿದೆ. ಎಲ್ಲವೂ ಒಂದೇ ಉದ್ದ. ತಾಯಿಯ ಹೊಟ್ಟೆಯಿಂದ ಯಾವುದೂ ಹೀಗೆ ಒಂದೇ ಅಳತೆಯಲ್ಲಿ ಹುಟ್ಟುವುದಿಲ್ಲ ಎಂಬುದು ಮೊದಲೇ ಹೊಳೆಯಬೇಕಿತ್ತು. ಬೇಬಿ ಎಂಬ ಹೆಸರಿಗೆ ನಾನೂ ಬಿದ್ದಿದ್ದೆ. ಎರಡು ದಿನ ಸಿಟ್ಟು ಇತ್ತು. ಮಾರ್ಕೆಟ್ಟಿನ ದೊಡ್ಡ ಕ್ಯಾರೆಟ್ಟು ಹೆಚ್ಚಿಕೊಂಡರೂ ಒಳಗಿನ ಸತ್ವ ಅದೇ, ಅದರಲ್ಲಿ ಏನೂ ಕಡಿಮೆಯಿಲ್ಲ. ಆದರೆ ನನಗೆ ಬೇಕಿದ್ದದ್ದು ಆ ಕವಳದ ಗಾತ್ರ. ಹಾಗಾಗಿ ಸಿಟ್ಟು ನುಂಗಿಕೊಂಡು ಅದನ್ನೇ ತಂದೆ.

ತರುವುದೇನೋ ತಂದೆ, ಇಡುವುದು ಗೊತ್ತಿರಲಿಲ್ಲ. ಪ್ಯಾಕೆಟ್ಟು ಒಡೆದು ಹಾಗೇ ಫ್ರಿಜ್ಜಿನಲ್ಲಿ ಬಿಟ್ಟಿದ್ದೆ. ಮೂರನೆಯ ದಿನ ನೋಡಿದರೆ ಎಲ್ಲದರ ಮೈಮೇಲೆ ಬೆಳ್ಳಗೆ ಪುಡಿ ಬಳಿದಂತೆ ಆಗಿತ್ತು. ಬೂಷ್ಟು ಹಿಡಿಯಿತು ಎಂದು ಹೊರಗೆ ಹಾಕಲು ಹೊರಟೆ. ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದ ಮನೆಯವರು ತಟ್ಟೆಗೆ ಬಗ್ಗಿ ನೋಡಿ, "ನಿನ್ನ ಕ್ಯಾರೆಟ್ಟೂ ವಿಭೂತಿ ಹಚ್ಕೊಂಡಿದೆಯಲ್ಲೇ. ದೀಕ್ಷೆ ಆಗಿರೋದನ್ನ ಬಿಸಾಕ್ಬೇಡ" ಎಂದರು.

ತಮಾಷೆಗೆ ಅಂದರೂ ಅವರ ಮಾತೇ ಸರಿಯಾಯಿತು. ಅದು ಬೂಷ್ಟಲ್ಲ. ಸಿಪ್ಪೆ ಕಳೆದುಕೊಂಡ ಮೈ ಗಾಳಿಗೆ ಒಣಗಿ ಬಿಳುಚಿಕೊಂಡಿದ್ದು. ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಬಣ್ಣ ವಾಪಸ್ಸು ಬಂತು, ಕಟುಮ್ ಎನ್ನುವ ಸದ್ದೂ ಬಂತು. ಮುಟ್ಟಿದರೆ ಲೋಳೆ ಲೋಳೆ ಅನ್ನಿಸಿದರೆ, ವಾಸನೆ ಬಂದರೆ ಮಾತ್ರ ಯೋಚನೆ ಮಾಡದೆ ಎಸೆಯಬೇಕು. ಇನ್ನೊಂದು ಸಲ ಸೇಬಿನ ಕವರಿನ ಪಕ್ಕದಲ್ಲೇ ಇಟ್ಟು ಪೆಟ್ಟು ತಿಂದೆ. ಹಣ್ಣಾಗುವ ಸೇಬಿನ ಗಾಳಿ ತಾಗಿದರೆ ಕ್ಯಾರೆಟ್ಟು ಕಹಿಯಾಗುತ್ತದೆ ಎನ್ನುವುದನ್ನು ನಾಲಿಗೆಯೇ ಕಲಿಸಿತು.

ಕೊನೆಗೆ ದಾರಿ ತೋರಿಸಿದ್ದು ನನ್ನ ಹಳೆಯ ವಿದ್ಯೆಯೇ. ವೀಳ್ಯದೆಲೆ ಬಾಡದಂತೆ ಇಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಹಳೆಯ ಹತ್ತಿಬಟ್ಟೆಯನ್ನು ಒದ್ದೆ ಮಾಡಬೇಕು, ನೀರು ತೊಟ್ಟಿಕ್ಕದಂತೆ ಗಟ್ಟಿಯಾಗಿ ಹಿಂಡಬೇಕು, ಎಲೆ ಸುತ್ತಿ ತಂಪಿನಲ್ಲಿ ಇಡಬೇಕು, ದಿನಾ ಬಟ್ಟೆ ಬದಲಿಸಬೇಕು. ಅದನ್ನೇ ಕ್ಯಾರೆಟ್ಟಿಗೆ ಮಾಡಿದೆ. ಮುಚ್ಚಳ ಇರುವ ಡಬ್ಬಿಯಲ್ಲಿ ಹಿಂಡಿದ ಒದ್ದೆ ಬಟ್ಟೆ, ಅದರೊಳಗೆ ಕ್ಯಾರೆಟ್ಟು, ಫ್ರಿಜ್ಜಿನ ಕೆಳಗಿನ ಡ್ರಾಯರು. ವಾರ ಕಳೆದರೂ ವಿಭೂತಿ ಹತ್ತಲಿಲ್ಲ. ಶಾಲೆಗೆ ಒಯ್ಯುವ ಸಣ್ಣ ಸ್ಟೀಲ್ ಡಬ್ಬಿಯಲ್ಲೂ ಅದೇ ವ್ಯವಸ್ಥೆ, ಆ ದಿನದ್ದು ಆ ದಿನಕ್ಕೆ ಮುಗಿಯಬೇಕು. ಬಿಟ್ಟ ಚಟದಿಂದ ಇಷ್ಟಾದರೂ ಪ್ರಯೋಜನವಾಯಿತಲ್ಲ ಎಂದು ಖುಷಿಯಾಯಿತು.

ಪ್ಯಾಕೆಟ್ಟಿನ ಹಿಂಭಾಗ ಓದುವ ಹುಚ್ಚೂ ಹತ್ತಿತು. ಕಣ್ಣಿಗೆ, ಚರ್ಮಕ್ಕೆ ಬೇಕಾದ ವಿಟಮಿನ್ ಎ ಇದೆ, ನಾರು ಇದೆ, ಸಿಹಿಯಾಗಿದ್ದರೂ ಬಿಸ್ಕೀಟಿನಷ್ಟು ಸಕ್ಕರೆ ಇಲ್ಲ. ಬಣ್ಣದ ಸತ್ವ ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಜಿಡ್ಡು ಬೇಕು ಎಂದು ಎಲ್ಲೋ ಓದಿ, ನಾಲ್ಕು ಹುರಿದ ಕಡಲೇಕಾಯಿ ಬೀಜವನ್ನೂ ಡಬ್ಬಿಗೆ ಸೇರಿಸಿದೆ. ಕನ್ನಡಕದ ನಂಬರ್ ಇಳಿಯಬಹುದು ಎಂದು ಒಳಗೊಳಗೇ ಆಸೆ ಇತ್ತು. ಅದು ಇದ್ದಲ್ಲೇ ಇದೆ. ಎಷ್ಟು ತಿನ್ನಬೇಕು ಎಂಬುದನ್ನು ಮಾತ್ರ ನಾನು ಎಲ್ಲೂ ಓದಲಿಲ್ಲ. ಎಲೆಯ ನೆನಪಾದಾಗಲೆಲ್ಲ ಒಂದು ತಿನ್ನುತ್ತಿದ್ದೆ. ಎಲೆಯ ನೆನಪು ದಿನಕ್ಕೆ ನಲವತ್ತು ಸಲ ಆಗುತ್ತಿತ್ತು.

ಇನ್ನು ಭದ್ರಾವತಿಯ ಅಕ್ಕ. ನನಗಿಂತ ಎಂಟು ವರ್ಷ ದೊಡ್ಡವಳು. ಭಾವ ಕಾರ್ಖಾನೆಯಿಂದ ರಿಟೈರ್ ಆದ ಮೇಲೂ ಅದೇ ಕಡೆಯ ಒಂದು ಗಲ್ಲಿಯಲ್ಲಿ ಮನೆ ಮಾಡಿಕೊಂಡಿದ್ದಾರೆ. ವಾರ ಬಿಟ್ಟು ವಾರ, ಭಾನುವಾರದ ಬಸ್ಸು ಹಿಡಿದು ನಾನು ಅಲ್ಲಿಗೆ ಹೋಗುವುದು, ಊಟ ಮಾಡುವುದು, ಜಗಲಿಯಲ್ಲಿ ಅಕ್ಕತಂಗಿಯರು ಎದುರುಬದುರು ಕೂತು ಎಲೆ ಹಾಕುವುದು ನಮಗೆ ಹಬ್ಬ ಇದ್ದ ಹಾಗೆ. ಮಚ್ಚೆಯ ವಿಷಯ ಫೋನಿನಲ್ಲಿ ಹೇಳಿದಾಗ ಯಾವ ಕೆನ್ನೆ, ಎಷ್ಟು ದೊಡ್ಡದು ಎಂದು ಎರಡೆರಡು ಸಲ ಕೇಳಿದಳು. "ಬಿಡು, ಬಿಟ್ಟಿದ್ದು ಒಳ್ಳೇದಾಯ್ತು" ಎಂದಳು. ಅದಾದ ಮೇಲಿನ ಮೊದಲ ಭಾನುವಾರ ಊಟ ಮುಗಿದಾಗ ನಾನು ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದು, ಬಟ್ಟೆ ಬಿಚ್ಚಿ, ಒಂದು ಕ್ಯಾರೆಟ್ಟು ಬಾಯಿಗಿಟ್ಟೆ.

"ಎಲೆ ಬಿಟ್ಟು ಎಳೆ ಹಿಡಿದ್ಯೇನೇ ಮಾರಾಯ್ತಿ" ಎಂದು ಅಕ್ಕ ನಕ್ಕಳು.

"ಎಳೇದಲ್ಲ ಅಕ್ಕ, ಅದೂ ಮೋಸವೇ" ಎಂದು ಇಡೀ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನೀನೂ ಬಿಡು ಎಂದರೆ, "ನಂದೇನು ಬಿಡೇ, ನಂದು ಮುಗೀತಾ ಬಂತು" ಎಂದು ತನ್ನ ಎಲೆಗೆ ಸುಣ್ಣ ಸವರಿಕೊಂಡು, ಮುಖ ಆ ಕಡೆ ಮಾಡಿ ಹಾಕಿಕೊಂಡಳು. ನನಗೆ ಆಸೆಯಾಗಬಾರದು ಎಂದು ಮುಖ ತಿರುಗಿಸಿದಳು ಎಂದುಕೊಂಡೆ.

ಆರನೆಯ ವಾರ ಒಂದು ಭಾನುವಾರ ಅವಳ ಅಡುಗೆಮನೆಯಲ್ಲಿ ರೊಟ್ಟಿಯ ತಟ್ಟೆಗೆ ಕೈ ಚಾಚಿದೆ. ಅವಳು ತಟ್ಟೆ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು. ಕಿಟಕಿಯ ಹತ್ತಿರ ಎಳೆದುಕೊಂಡು ಹೋಗಿ ಅಂಗೈ ಬಿಡಿಸಿ ನೋಡಿದಳು. ಅರಿಶಿನ ತೊಳೆದುಕೊಂಡ ಕೈಯ ಹಾಗೆ ಹಳದಿ.

"ಕಾಮಾಲೆ ಕಣೇ ಇದು" ಎಂದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

ಕಾಮಾಲೆ ಎಂದ ಮೇಲೆ ನಮ್ಮ ಕಡೆ ಮುಂದಿನದೆಲ್ಲ ತಾನಾಗಿಯೇ ನಡೆಯುತ್ತದೆ. ಒಗ್ಗರಣೆ ಬಂದ್, ಎಣ್ಣೆ ಬಂದ್, ಹಳದಿ ಬಣ್ಣದ್ದೆಲ್ಲ ಬಂದ್. ರೊಟ್ಟಿ ಪಲ್ಯದ ತಟ್ಟೆ ಭಾವನ ಮುಂದೆ ಹೋಯಿತು, ನನ್ನ ಮುಂದೆ ಗಂಜಿ ಮಜ್ಜಿಗೆ ಬಂತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಾಟಿ ಔಷಧಿ ಕೊಡುವ ಅಜ್ಜಿಯ ಹಳ್ಳಿಗೆ ಹೋಗುವುದು ಎಂದು ತೀರ್ಮಾನವಾಯಿತು. ನಾನು ಶಾಲೆಗೆ ರಜೆ ಹೇಳಿದೆ. ನನ್ನ ಕ್ಯಾರೆಟ್ ಡಬ್ಬಿಯೂ ಹಳದಿಯ ಲೆಕ್ಕಕ್ಕೆ ಸೇರಿ ಅಟ್ಟ ಏರಿತು. ದಿನಕ್ಕೆ ನಲವತ್ತು ಕ್ಯಾರೆಟ್ಟು ತಿನ್ನುವವಳಿಗೂ, ಅದನ್ನು ಕಣ್ಣಾರೆ ಕಂಡವಳಿಗೂ, ಎರಡೂ ಸೇರಿಸಿ ನೋಡಬೇಕು ಎಂದು ಹೊಳೆಯಲಿಲ್ಲ.

ಅವತ್ತಿನ ಸಂಜೆ ನನ್ನ ಪಾಲಿಗೆ ಬಹಳ ಕೆಟ್ಟದಾಗಿತ್ತು. ಬಾಯಲ್ಲಿ ಮಚ್ಚೆ, ಮೈಯಲ್ಲಿ ಕಾಮಾಲೆ, ಹೊಟ್ಟೆಯಲ್ಲಿ ಬರೀ ಗಂಜಿ. ಹೇಗೂ ಹೋಗುವುದೇ ಆದರೆ ಒಂದು ಎಲೆ ಹಾಕಿಯೇ ಹೋಗೋಣ ಎಂದು ಮನಸ್ಸು ಹೇಳತೊಡಗಿತು. ಅಕ್ಕ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಅವಳ ಎಲೆಯ ತಟ್ಟೆ ಜಗಲಿಯಲ್ಲೇ ಇತ್ತು. ಎಲೆಯ ತೊಟ್ಟು ಮುರಿದೆ, ಸುಣ್ಣ ಸವರಿದೆ, ಅಡಿಕೆ ಇಟ್ಟೆ. ಕಡ್ಡಿಪುಡಿಯ ಪೊಟ್ಟಣ ಬಿಚ್ಚುವಾಗ ಬಾಗಿಲಲ್ಲಿ ಅಕ್ಕ ನಿಂತಿದ್ದಳು.

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಬಟ್ಟೆಯ ರಾಶಿಯನ್ನು ಕೆಳಗೆ ಹಾಕಿ, ನನ್ನ ಕೈಯಿಂದ ಎಲೆ ತೆಗೆದುಕೊಂಡು, ಒಳಗೆ ಹೋಗಿ ಸ್ಟೂಲು ಹತ್ತಿ ಅಟ್ಟದಿಂದ ಡಬ್ಬಿ ಇಳಿಸಿಕೊಂಡು ಬಂದಳು. ತಾನೇ ಮುಚ್ಚಳ ತೆಗೆದು ಒಂದು ಕ್ಯಾರೆಟ್ಟು ನನ್ನ ಬಾಯಿಗಿಟ್ಟಳು.

"ಕಾಮಾಲೆ ಆದ್ರೆ ಆಗ್ಲಿ, ಅದಕ್ಕೆ ಔಷಧಿ ಇದೆ. ನೀನು ಇದನ್ನೇ ತಿನ್ನು" ಎಂದಳು.

ನನಗೆ ಅಳು ಬಂತು. ಕ್ಯಾರೆಟ್ಟು ಅಗಿಯುತ್ತ ಅಳುವುದು ಸುಲಭವಲ್ಲ. ಸದ್ದು ಬೇರೆ ಬರುತ್ತದೆ.

ಮರುದಿನ ಬೆಳಿಗ್ಗೆ ಆಟೋದಲ್ಲಿ ಹಳ್ಳಿಗೆ ಹೋದೆವು. ಔಷಧಿ ಕೊಡುವ ಅಜ್ಜಿ ಅಂಗಳದಲ್ಲಿ ಕೂತು ಸೊಪ್ಪು ಸೋಸುತ್ತಿತ್ತು. ನನ್ನ ಅಂಗೈಯನ್ನು ನೋಡಲೇ ಇಲ್ಲ. ಬಿಸಿಲಿಗೆ ಮುಖ ತಿರುಗಿಸಿ, ಕಣ್ಣಿನ ಕೆಳರೆಪ್ಪೆ ಎಳೆದು, ಎರಡೂ ಕಣ್ಣು ನೋಡಿತು.

"ಕಣ್ಣು ಬೆಳ್ಳಗೈತೆ. ಕಾಮಾಲೆ ಇದ್ರೆ ಮೊದ್ಲು ಇಲ್ಲಿ ಹಳದಿ ಆಗ್ತೈತೆ" ಎಂದಿತು. "ಏನು ತಿಂತೀಯವ್ವ?"

"ಕ್ಯಾರೆಟ್" ಎಂದೆ.

"ಎಷ್ಟು?"

ನಾನು ಲೆಕ್ಕ ಹೇಳಿದೆ. ಅಜ್ಜಿ ಸೊಪ್ಪು ಬಿಟ್ಟು ನನ್ನ ಮುಖ ನೋಡಿ, ಅಕ್ಕನ ಮುಖ ನೋಡಿ, "ಏನು ಕೆಲ್ಸ ಮಾಡ್ತೈತೆ ಇದು?" ಎಂದು ಅಕ್ಕನನ್ನು ಕೇಳಿತು. ಹೈಸ್ಕೂಲ್ ಟೀಚರ್ ಎಂದು ಅಕ್ಕ ಹೇಳಿದಳು. "ಹಂಗಾದ್ರೆ ಸರಿ" ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿತು. ಔಷಧಿ ಕೊಡಲಿಲ್ಲ. ಅನುಮಾನ ಉಳಿಯಬಾರದು ಎಂದು ಶಿವಮೊಗ್ಗಕ್ಕೆ ಬಂದ ಮೇಲೆ ರಕ್ತವನ್ನೂ ಪರೀಕ್ಷೆ ಮಾಡಿಸಿದೆ. ಎಲ್ಲ ಸರಿಯಾಗಿತ್ತು. ಕ್ಯಾರೆಟ್ಟಿನ ಬಣ್ಣವೇ ಚರ್ಮಕ್ಕೆ ಇಳಿದಿದೆ, ಕಡಿಮೆ ಮಾಡಿದರೆ ತಾನಾಗಿ ಹೋಗುತ್ತದೆ ಎಂದರು ಡಾಕ್ಟರು. ಅಲ್ಲಿಂದ ದಿನಕ್ಕೆ ಒಂದು ಹಿಡಿ, ಹತ್ತೋ ಹನ್ನೆರಡೋ. ಉಳಿದ ಹೊತ್ತಿಗೆ ಸೌತೆಕಾಯಿ. ಎಲೆಯ ನೆನಪೂ ಅಷ್ಟು ಹೊತ್ತಿಗೆ ಸ್ವಲ್ಪ ಸಡಿಲವಾಗಿತ್ತು. ಅಂಗೈ ಬಿಳಿಯಾಗುವ ತನಕ ಸ್ಟಾಫ್‌ರೂಮಿನಲ್ಲಿ ನನ್ನನ್ನು ಮದುಮಗಳು ಎಂದು ಕರೆದರು. ಕರೆಯಲಿ ಎಂದು ಬಿಟ್ಟೆ.

ಎರಡು ತಿಂಗಳು ತುಂಬಿದ ದಿನ ನಾನು ಸಂಜೆ ಕ್ಲಿನಿಕ್ಕಿಗೆ ಹೋದಾಗ ಅಕ್ಕ ಅಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಬಾ ಎಂದು ನಾನು ಕರೆದಿರಲಿಲ್ಲ. ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು.

ಒಳಗೆ ನನ್ನ ಹಳೆಯ ವಿದ್ಯಾರ್ಥಿನಿ ಲೈಟು ಹಾಕಿ, ಕನ್ನಡಿ ಹಿಡಿದು, ಬಹಳ ಹೊತ್ತು ನೋಡಿದಳು. ಬೆರಳಿನಿಂದ ಒತ್ತಿ ನೋಡಿದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

"ಹೋಗಿದೆ ಟೀಚರ್. ಒಂಚೂರು ಗುರುತು ಉಳಿದಿದೆ ಅಷ್ಟೇ. ಈಗ ಟೆಸ್ಟೇನೂ ಬೇಡ. ಮೂರು ತಿಂಗಳು ಬಿಟ್ಟು ಬನ್ನಿ, ಮತ್ತೆ ಶುರು ಮಾಡ್ಬೇಡಿ" ಎಂದಳು.

ನನಗಾದ ಸಂತೋಷವನ್ನು ಮುಚ್ಚಿಡುವ ಕಾರಣವಿಲ್ಲ. ಕುರ್ಚಿಯಿಂದ ಇಳಿದು ಆ ಹುಡುಗಿಯ ಕೈ ಹಿಡಿದುಕೊಂಡೆ. ಚಪ್ಪಲಿ ಹಾಕಿಕೊಂಡು ಹೊರಡೋಣ ಎಂದು ತಿರುಗಿದರೆ ಅಕ್ಕ ಬರಲಿಲ್ಲ. ನಾನು ಇಳಿದ ಕುರ್ಚಿಯನ್ನು ಹತ್ತಿ ಕೂತಿದ್ದಳು.

"ನಂದೂ ಒಂದ್ಸಲ ನೋಡಮ್ಮ" ಎಂದಳು.

ಬಾಯಿ ತೆರೆಯಲು ಹೇಳಿದರೆ ಅವಳ ಬಾಯಿ ಅರ್ಧಕ್ಕೇ ನಿಂತಿತು. ಮೂರು ಬೆರಳು ಒಟ್ಟಿಗೆ ಬಾಯೊಳಗೆ ಇಟ್ಟು ನೋಡಲು ಹೇಳಿದರೆ ಎರಡು ಮಾತ್ರ ಹೋದವು. ಖಾರ ತಿಂದರೆ ಉರಿಯುತ್ತದೆಯೇ ಎಂದು ಕೇಳಿದ್ದಕ್ಕೆ, ಒಂದು ವರ್ಷದ ಮೇಲಾಯಿತು ಎಂದಳು. ನನಗೆ ಗೊತ್ತೇ ಇರಲಿಲ್ಲ. ನನ್ನ ಹುಡುಗಿ ನಿಧಾನವಾಗಿ ಎಲ್ಲ ಕಡೆ ನೋಡಿದಳು. ಒಳಗೆ ಚರ್ಮ ಬಿಗಿಯಾಗಿದೆ, ಆದರೆ ಮಚ್ಚೆ, ಹುಣ್ಣು ಇಲ್ಲ, ಇವತ್ತೇ ನಿಲ್ಲಿಸಿದರೆ ಇಲ್ಲಿಗೇ ತಡೆಯಬಹುದು ಎಂದಳು. ಬಾಯಿಗೆ ಮಾಡುವ ವ್ಯಾಯಾಮ ತೋರಿಸಿಕೊಟ್ಟಳು. ಗಟ್ಟಿ ಕ್ಯಾರೆಟ್ಟು ನಿಮಗೆ ಕಷ್ಟ, ಹಬೆಯಲ್ಲಿ ಬೇಯಿಸಿ, ಒಂದು ಹನಿ ತುಪ್ಪ ಹಾಕಿಕೊಂಡು ತಿನ್ನಿ, ಸತ್ವ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ ಎಂದಳು. ಅಕ್ಕ ಶಾಲೆಯ ಮಗುವಿನ ಹಾಗೆ ಎಲ್ಲಕ್ಕೂ ತಲೆಯಾಡಿಸಿದಳು.

ಹೊರಗೆ ರಸ್ತೆಗೆ ಬಂದ ಕೂಡಲೇ ನನ್ನ ಸಿಟ್ಟು ಕಟ್ಟೆ ಒಡೆಯಿತು. "ಒಂದು ವರ್ಷದಿಂದ ಇಟ್ಕೊಂಡು ಕೂತಿದೀಯಲ್ಲ, ಬುದ್ಧಿ ಇದ್ಯಾ ನಿಂಗೆ? ನನ್ನ ಮಚ್ಚೆ ಗೊತ್ತಾದ ದಿನವೇ ಬಂದು ತೋರಿಸೋಕೇನಾಗಿತ್ತು?" ಎಂದು ಜನ ತಿರುಗಿ ನೋಡುವ ಹಾಗೆ ಬೈದೆ.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನಿಂಗೆ ಹದಿನೈದು. ನನ್ನ ಮದುವೆ ಆದ ವರ್ಷ. ಹಬ್ಬಕ್ಕೆ ಮನೆಗೆ ಬಂದಿದ್ದೆ, ನಾನು ಹಾಕ್ಕೊಳ್ಳೋದನ್ನೇ ನೋಡ್ತಾ ಕೂತಿದ್ದೆ ನೀನು. ತಗೋ ಅಂತ ನಿನ್ನ ಬಾಯಿಗೆ ಮೊದಲ್ನೇ ಕವಳ ಇಟ್ಟೋಳು ನಾನು ಕಣೇ" ಎಂದಳು. "ನಿಂದು ಕೆಟ್ಟದ್ದು ಅಂತ ಬಂದಿದ್ರೆ, ಮಾಡಿದ ತಪ್ಪಿಗೆ ನಂಗೂ ಆಗ್ಲಿ ಅಂತ ನಂದು ಯಾರಿಗೂ ತೋರಿಸ್ತಿರ್ಲಿಲ್ಲ. ಅದಕ್ಕೇ ಕಾಯ್ತಾ ಇದ್ದೆ."

ನಾನು ಎಷ್ಟು ಯೋಚಿಸಿದರೂ ಆ ದಿನ ಕಣ್ಣ ಮುಂದೆ ಬರಲಿಲ್ಲ.

"ನಂಗೆ ನೆನಪೇ ಇಲ್ಲ ಅಕ್ಕ" ಎಂದೆ.

"ನಂಗಿದೆ" ಎಂದಳು. ನಾನು ಅವಳ ಕೈ ಹಿಡಿದುಕೊಂಡು ರಸ್ತೆ ದಾಟಿಸಿದೆ.